ರಾತ್ರಿ ಹತ್ತರ ಹಾಲು

ಸಮಂತಭದ್ರಾಚಾರ್ಯರನ್ನು ಕಾಡಿದ ರೋಗದ ಹೆಸರು ಭಸ್ಮಕ. ಉಂಡದ್ದೆಲ್ಲ ಹೊಟ್ಟೆಗೆ ಬಿದ್ದ ಕೂಡಲೇ ಸುಟ್ಟು ಬೂದಿಯಾಗುವುದು, ಮತ್ತೆ ಮೊದಲಿನಷ್ಟೇ ಹಸಿವು. ದಿಗಂಬರ ಮುನಿಗಳು ದಿನಕ್ಕೊಂದೇ ಹೊತ್ತು, ನಿಂತೇ, ಬೊಗಸೆಯೊಡ್ಡಿ ಆಹಾರ ತೆಗೆದುಕೊಳ್ಳುವವರು. ಆ ಕಟ್ಟಳೆಯೊಳಗೆ ಈ ರೋಗಕ್ಕೆ ಮದ್ದಿಲ್ಲ. ಮೈ ಸೊರಗಿದ ಆಚಾರ್ಯರು ಗುರುಗಳ ಬಳಿಗೆ ಹೋಗಿ, ಅನ್ನನೀರು ಬಿಟ್ಟು ದೇಹ ತೊರೆಯುವ ಸಲ್ಲೇಖನಕ್ಕೆ ಅಪ್ಪಣೆ ಕೇಳಿದರು. ಗುರುಗಳು ಕೊಡಲಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕೆಲಸ ಇನ್ನೂ ಬಹಳವಿದೆ, ಎಲ್ಲಿ ಹೊಟ್ಟೆ ತುಂಬ ಊಟ ಸಿಗುತ್ತದೋ ಅಲ್ಲಿಗೆ ಹೋಗಿ ರೋಗ ವಾಸಿ ಮಾಡಿಕೊ, ಆಮೇಲೆ ಬಂದು ಮತ್ತೆ ದೀಕ್ಷೆ ತೆಗೆದುಕೊ ಎಂದರು. ಸಮಂತಭದ್ರರು ಮುನಿವೇಷ ಬಿಟ್ಟರು. ಶಿವಕೋಟಿ ಎಂಬ ರಾಜನ ಊರು ಸೇರಿದರು. ಅದನ್ನು ಕೆಲವರು ಕಂಚಿ ಎನ್ನುತ್ತಾರೆ, ಕೆಲವರು ವಾರಾಣಸಿ. ಅಲ್ಲಿಯ ಶಿವಾಲಯಕ್ಕೆ ರಾಶಿ ರಾಶಿಯಾಗಿ ಬರುತ್ತಿದ್ದ ನೈವೇದ್ಯವನ್ನು ಬಾಗಿಲು ಮುಚ್ಚಿಕೊಂಡು ಉಂಡರು.

ದೇವಚಂದ್ರನ ‘ರಾಜಾವಳಿ ಕಥೆ’ಯಲ್ಲಿ ಈ ಪ್ರಸಂಗ ಬರುತ್ತದೆ. ಅದಕ್ಕಿಂತ ಎಷ್ಟೋ ಹಿಂದಿನದು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ, ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ. ಅದು ಕೂಡ ಸಮಂತಭದ್ರರನ್ನು ಭಸ್ಮಕವನ್ನು ಗೆದ್ದವರೆಂದೇ ಹೊಗಳುತ್ತದೆ. ಆಚಾರ್ಯರೊಬ್ಬರು ಇಂಥ ಕಾಯಿಲೆ ಬಿದ್ದ ಸಂಗತಿ ಸಮಾಜಕ್ಕೆ ನಾಚಿಕೆಯದ್ದೆಂದು ಆ ಶಾಸನ ಬರೆಸಿದವರಿಗೆ ಅನ್ನಿಸಲಿಲ್ಲ. ಕಲ್ಲಿನಲ್ಲಿ ಕೆತ್ತಿಸಿ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರು.

ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಾಗ ಮಕ್ಕಳಿಗೆ ನಾನು ಈ ಕಥೆಯನ್ನು ಅದರ ಕೊನೆಗಾಗಿ ಹೇಳುತ್ತಿದ್ದೆ. ಆಚಾರ್ಯರು ಸ್ವಯಂಭೂ ಸ್ತೋತ್ರ ಹೇಳುತ್ತಾ ಎಂಟನೆಯ ತೀರ್ಥಂಕರರ ಸ್ತುತಿಗೆ ಬಂದಾಗ ಚಂದ್ರಪ್ರಭರ ಬಿಂಬ ಪ್ರಕಟವಾಗುವ ಭಾಗ ಬಂದರೆ ತರಗತಿ ತಣ್ಣಗಾಗುತ್ತಿತ್ತು. ಈಗ ಅದೇ ಕಥೆಯ ನಡುವಿನ ಊಟದ ಹತ್ತಿರ ನಿಂತಿದ್ದೇನೆ. ವ್ರತದಲ್ಲಿದ್ದವರು ದೇಹದ ಕಾರಣಕ್ಕೆ ವ್ರತದ ಹೊರಗಿನ ಅನ್ನ ಉಣ್ಣಬಹುದೇ, ಉಂಡರೆ ಹೇಗೆ ಉಣ್ಣಬೇಕು ಎನ್ನುವ ಪ್ರಶ್ನೆ ನನ್ನ ಮನೆಯ ಅಡುಗೆಕೋಣೆಗೇ ಬಂದಿದೆ.

ನಾನು ಮೂಡುಬಿದಿರೆಯವಳು. ನಮ್ಮ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಒಲೆ ಉರಿಸುತ್ತಿರಲಿಲ್ಲ. ಮುಳುಗುವುದಕ್ಕೂ ಎರಡು ಘಳಿಗೆ ಮೊದಲೇ, ಅಂದರೆ 48 ನಿಮಿಷ ಮೊದಲೇ, ಊಟ ಮುಗಿದಿರಬೇಕು ಎನ್ನುವುದು ಅಮ್ಮನ ಲೆಕ್ಕ. ಡಿಸೆಂಬರಿನಲ್ಲಿ ಐದೂಕಾಲಿಗೇ ಎಲೆ ಎತ್ತಬೇಕಿತ್ತು. ಆಟಿಯ ಮಳೆಯಲ್ಲಿ ಸೂರ್ಯನೇ ಕಾಣದ ದಿನ ಅಮ್ಮ ಪಂಚಾಂಗ ನೋಡಿ ಗಡಿಯಾರ ನೋಡುತ್ತಿದ್ದಳು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಬಸಳೆ ಇಲ್ಲವೇ ತೊಂಡೆಕಾಯಿ ಪಲ್ಯ, ಮಜ್ಜಿಗೆ. ಶಾಲೆಯಿಂದ ಬಂದವರು ಕೈಕಾಲು ತೊಳೆದು ನೇರ ಊಟಕ್ಕೆ ಕೂರುವುದು. ಬೆಳೆದದ್ದೇ ಹಾಗೆ. ಆದರೂ 1993ರ ಮಹಾಮಸ್ತಕಾಭಿಷೇಕಕ್ಕೆ ಬೆಳಗೊಳಕ್ಕೆ ಹೋದಾಗ ಮುನಿಗಳ ಮುಂದೆ ಕೈಮುಗಿದು, ಜೀವನ ಪರ್ಯಂತ ರಾತ್ರಿ ಭೋಜನ ತ್ಯಾಗ ಎಂದು ನಿಯಮ ತೆಗೆದುಕೊಂಡೆ. ನೀರು ಮತ್ತು ಔಷಧ ಮಾತ್ರ ಹೊರತು. ರೂಢಿಯಿಂದ ಮಾಡುತ್ತಿದ್ದುದನ್ನು ಬಾಯಿಬಿಟ್ಟು ಹೇಳಿ ಒಪ್ಪಿಕೊಂಡಾಗ ಅದರ ತೂಕವೇ ಬೇರೆಯಾಗುತ್ತದೆ. ಅಲ್ಲಿಂದೀಚೆಗೆ ಸಂಜೆಯ ಊಟಕ್ಕೆ ಕೂರುವಾಗ ಅದು ನನ್ನದು ಅನ್ನಿಸತೊಡಗಿತು.

ಸಕ್ಕರೆ ಕಾಯಿಲೆ ನಮ್ಮ ಮನೆತನದ್ದು. ನನಗೆ ಮೊದಲು ಮಾತ್ರೆಯಲ್ಲಿ ಹಿಡಿತಕ್ಕೆ ಬಂತು, ವಯಸ್ಸಾದಂತೆ ಕ್ರಿಯಾಟಿನಿನ್ ಏರಿ ಮಾತ್ರೆಗಳು ಒಂದೊಂದಾಗಿ ಕೈಬಿಟ್ಟವು, ಇನ್ಸುಲಿನ್ ಬಂತು. ಸಂಜೆಯ ಊಟ ಐದೂವರೆಗೆ, ಅದಕ್ಕೆ ಮೊದಲು ಇಂಜೆಕ್ಷನ್. ಬೆಳಗಿನ ತಿಂಡಿಯವರೆಗೆ ಹದಿನಾಲ್ಕು ಗಂಟೆ ಹೊಟ್ಟೆ ಖಾಲಿ. ಒಂದು ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ದಿಂಬು ನೆನೆದಿತ್ತು, ಕೈ ನಡುಗುತ್ತಿತ್ತು. ಪಂಚನಮಸ್ಕಾರ ಹೇಳಲು ಹೊರಟರೆ ಎರಡನೆಯ ಪದವೇ ನೆನಪಿಗೆ ಬರಲಿಲ್ಲ. ಮಾತು ಕಲಿತಾಗಿನಿಂದ ಬಾಯಲ್ಲಿರುವ ಮಂತ್ರ ಅದು. ಸೊಸೆ ಬೆರಳು ಚುಚ್ಚಿ ನೋಡಿದಾಗ ಮೀಟರ್ 48 ತೋರಿಸಿತು. 70ಕ್ಕಿಂತ ಕೆಳಗೆ ಇಳಿದರೆ ಅಪಾಯ ಎನ್ನುತ್ತಾರೆ. ಅವಳು ಗ್ಲೂಕೋಸ್ ಪುಡಿ ಕಲಸಿದ ನೀರನ್ನು ನನ್ನ ಬಾಯಿಗೆ ಹಿಡಿದಳು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದಳು, ಮತ್ತೆ ಕೊಟ್ಟಳು.

ಅದೊಂದೇ ರಾತ್ರಿಯಾಗಿದ್ದರೆ ಔಷಧ ಎಂದುಕೊಳ್ಳಬಹುದಿತ್ತು. ಅದು ಮತ್ತೆ ಮತ್ತೆ ಆಯಿತು. ಸಂಜೆಯ ಡೋಸ್ ಇಳಿಸಿದರೆ ಬೆಳಗ್ಗೆ ಸಕ್ಕರೆ ಮೇಲೇರುತ್ತಿತ್ತು, ಇನ್ಸುಲಿನ್ನಿನ ಬಗೆ ಬದಲಿಸಿದರೂ ಪೂರ್ತಿ ನಿಲ್ಲಲಿಲ್ಲ. ಡಾಕ್ಟರು ಮಂಗಳೂರಿನವರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ವ್ರತವನ್ನು ಹಗುರಾಗಿ ತೆಗೆದುಕೊಂಡವರಲ್ಲ. ಅದರೊಳಗೇ ಏನು ಮಾಡಬಹುದೋ ಎಲ್ಲ ಮಾಡಿ ನೋಡಿದ ಮೇಲೆ, “ಅಮ್ಮಾ, ರಾತ್ರಿ ಹತ್ತಕ್ಕೆ ಒಂದು ಲೋಟ ಹಾಲು, ಜೊತೆಗೆ ಏನಾದರೂ ಸ್ವಲ್ಪ ಗಟ್ಟಿ ಪದಾರ್ಥ ತೆಗೆದುಕೊಳ್ಳಲೇಬೇಕು. ಇನ್ನೊಂದು ಸಲ ಯಾರೂ ಎಚ್ಚರವಿಲ್ಲದಾಗ ಹೀಗಾದರೆ ನಾನು ಏನೂ ಮಾಡಲಾರೆ” ಎಂದರು.

ಮಗನಿಗೆ ಇದರಲ್ಲಿ ಸಮಸ್ಯೆಯೇ ಕಾಣಲಿಲ್ಲ. “ಔಷಧಕ್ಕೆ ವಿನಾಯಿತಿ ಉಂಟಲ್ಲ ಅಮ್ಮ, ಡಾಕ್ಟರು ಬರೆದುಕೊಟ್ಟ ಮೇಲೆ ಹಾಲೂ ಔಷಧವೇ” ಎಂದ. ಪ್ರೀತಿಯಿಂದ ಹೇಳಿದ ಮಾತು. ಇಂಥ ಇಕ್ಕಟ್ಟಿನಲ್ಲಿ ನಾವೆಲ್ಲ ಹಿಡಿಯುವ ದಾರಿಯೂ ಅದೇ. ಬೇಕಾದದ್ದನ್ನು ನಿಯಮದೊಳಗೆ ತೂರಿಸಲು ನಿಯಮವನ್ನು ಸ್ವಲ್ಪ ಎಳೆಯುವುದು, ಇನ್ನೂ ಸ್ವಲ್ಪ ಎಳೆಯುವುದು. ಹಾಲು ಔಷಧವಾದರೆ ಎರಡು ಬಿಸ್ಕತ್ತೂ ಔಷಧ, ಒಂದು ದೋಸೆಯೂ ಔಷಧ. ಒಂದು ವರ್ಷದಲ್ಲಿ ನಾನು ರಾತ್ರಿ ಊಟ ಮಾಡುತ್ತಾ ರಾತ್ರಿ ಭೋಜನ ತ್ಯಾಗಿ ಎನ್ನಿಸಿಕೊಂಡು ಬಸದಿಯಲ್ಲಿ ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ.

ಅಪ್ಪ ಇದ್ದಿದ್ದರೆ ಏನು ಹೇಳುತ್ತಿದ್ದರು ಎಂಬುದು ನನಗೆ ಗೊತ್ತು. 1970ರ ದಶಕದಲ್ಲಿ ಅವರ ಕಾಲಿನ ಗಾಯ ಒಣಗದೆ ಹೋದಾಗ ಆಸ್ಪತ್ರೆಯಲ್ಲಿ ಇನ್ಸುಲಿನ್ ಶುರುಮಾಡಬೇಕೆಂದರು. ಅಪ್ಪ ಆ ಪುಟ್ಟ ಬಾಟಲಿಯನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಇದು ಯಾವುದರಿಂದ ಮಾಡಿದ್ದು ಎಂದು ಕೇಳಿದರು. ಆ ಕಾಲದ ಇನ್ಸುಲಿನ್ ಬರುತ್ತಿದ್ದುದು ಕಸಾಯಿಖಾನೆಯ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ. ಡಾಕ್ಟರು ಮುಚ್ಚಿಡದೆ ಹೇಳಿದರು. ಅಪ್ಪ ಬಾಟಲಿಯನ್ನು ಮೇಜಿನ ಮೇಲಿಟ್ಟು, ಬೇಡ ಎಂದರು. ಮಾತ್ರೆ ನುಂಗಿದರು, ಅನ್ನ ಬಿಟ್ಟು ಗೋಧಿ ಗಂಜಿ ಕುಡಿದರು, ಬೆಲ್ಲ ಬಿಟ್ಟರು, ಹೇಳಿದ್ದನ್ನೆಲ್ಲ ಮಾಡಿದರು, ಅದೊಂದನ್ನು ಬಿಟ್ಟು. ಕೊನೆಯವರೆಗೂ ಅವರ ಮುಖದಲ್ಲಿ ಗೊಂದಲ ಕಂಡವಳಲ್ಲ ನಾನು. ಅಮ್ಮನ ಮುಖದಲ್ಲಿ ಕಂಡೆ.

1982ರಲ್ಲಿ ಪ್ರಯೋಗಾಲಯದ ಬ್ಯಾಕ್ಟೀರಿಯಾದೊಳಗೆ ಬೆಳೆಸಿದ ಮಾನವ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿ ಯೀಸ್ಟಿನಿಂದ ತಯಾರಿಸಿದ್ದನ್ನು ಮಾರುಕಟ್ಟೆಗೆ ತಂದಿತು. ಅಪ್ಪನ ಆಕ್ಷೇಪ ಹಾಗೆ ಬಹುಮಟ್ಟಿಗೆ ಕಳಚಿತು, ಅವರು ಹೋದ ಎಷ್ಟೋ ಕಾಲದ ಮೇಲೆ. ಯೀಸ್ಟಿಗೂ ಜೀವವಿದೆ ಎನ್ನುವವರಿದ್ದಾರೆ, ನಿಜ. ಆದರೆ ಐದಿಂದ್ರಿಯದ ದನವನ್ನು ಕಡಿಯುವುದಕ್ಕೂ ಒಂದಿಂದ್ರಿಯದ ಜೀವಕ್ಕೆ ಆಗುವ ಬಾಧೆಗೂ ನಮ್ಮ ಶಾಸ್ತ್ರವೇ ವ್ಯತ್ಯಾಸ ಮಾಡುತ್ತದೆ. ಹಾಗೆ ಮಾಡದಿದ್ದರೆ ಶ್ರಾವಕರು ಒಂದು ಹಿಡಿ ಅಕ್ಕಿ ಬೇಯಿಸುವಂತಿಲ್ಲ.

ಅಪ್ಪ ಮಾಡಿದ್ದು ಸರಿ ಎಂದೇ ನನ್ನ ನಂಬಿಕೆ. ನನ್ನ ಸಂಗತಿ ಅದೇ ಅಲ್ಲ ಎನ್ನುವುದೂ ನನ್ನ ನಂಬಿಕೆ. ಅವರ ಎದುರಿಗಿದ್ದುದು ಅಹಿಂಸೆಯೇ. ನನ್ನ ಎದುರಿಗಿರುವುದು ಅಹಿಂಸೆಯನ್ನು ಕಾಯಲು ಹಾಕಿದ ಬೇಲಿ. ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾ ವ್ರತವನ್ನು ಗಟ್ಟಿಮಾಡುವ ಐದು ಭಾವನೆಗಳನ್ನು ಹೇಳಿದೆ, ಅವುಗಳಲ್ಲಿ ಒಂದು ಅನ್ನಪಾನವನ್ನು ಚೆನ್ನಾಗಿ ನೋಡಿ ತೆಗೆದುಕೊಳ್ಳುವುದು. ಅದಕ್ಕೆ ಟೀಕೆ ಬರೆದ ಪೂಜ್ಯಪಾದರು ರಾತ್ರಿ ಉಣ್ಣದಿರುವ ವ್ರತವನ್ನು ಇದರೊಳಗೇ ಸೇರಿಸಿದರು. ನೋಡಿ ಉಣ್ಣಬೇಕಾದರೆ ಬೆಳಕು ಬೇಕು. ಈಗ ಕರೆಂಟ್ ಇದೆಯಲ್ಲ ಎನ್ನುತ್ತಾರೆ ಇಂದಿನವರು. ದೀಪ ಹಚ್ಚಿಕೊಂಡರೆ ಸಾಲದೇ ಎಂಬ ಮಾತನ್ನು ಅಮೃತಚಂದ್ರಸೂರಿಗಳು ಪುರುಷಾರ್ಥ ಸಿದ್ಧ್ಯುಪಾಯದಲ್ಲಿ ಆಗಲೇ ಎತ್ತಿಕೊಂಡು, ಸಾಲದು ಎಂದಿದ್ದಾರೆ. ನಮ್ಮೂರಿನಲ್ಲಿ ಜೂನ್ ತಿಂಗಳ ಮೊದಲ ಮಳೆ ಬಿದ್ದ ಸಂಜೆ ಟ್ಯೂಬ್‌ಲೈಟ್ ಹಾಕಿ ನೋಡಿದರೆ ಅವರ ಮಾತು ಕಣ್ಣಿಗೇ ಕಾಣುತ್ತದೆ. ರೆಕ್ಕೆ ಹುಳಗಳು ಬೆಳಕಿಗೆ ಮುತ್ತಿ, ರೆಕ್ಕೆ ಕಳಚಿ, ಅನ್ನದ ಪಾತ್ರೆಗೆ, ಸಾರಿಗೆ, ಎಲೆಗೆ ಉದುರುತ್ತವೆ. ಮುಚ್ಚಳ ತೆಗೆಯುವಷ್ಟರಲ್ಲಿ ನಾಲ್ಕು ಒಳಗೆ. ಬೆಳಕು ಇಲ್ಲದಿದ್ದರೆ ಕಾಣುವುದಿಲ್ಲ, ಇದ್ದರೆ ಅವೇ ಬರುತ್ತವೆ. ಈ ವ್ರತ ಕಲ್ಪನೆಯಿಂದ ಹುಟ್ಟಿದ್ದಲ್ಲ.

ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. ಸಂಜೆ ಬೇಗ ಉಣ್ಣುವುದು ಜೀರ್ಣಕ್ಕೆ ಒಳ್ಳೆಯದು, ತೂಕ ಇಳಿಯುತ್ತದೆ, ಈಗ ವಿಜ್ಞಾನವೂ ಒಪ್ಪಿದೆ, ನೋಡಿ ನಮ್ಮ ಹಿರಿಯರ ಜಾಣತನ ಎಂದು ಮೊಬೈಲಿಗೆ ದಿನಾ ಸಂದೇಶಗಳು ಬರುತ್ತವೆ. ಕಳಿಸುವವರ ಅಭಿಮಾನ ನನಗೂ ಇದೆ. ಆದರೆ ವ್ರತವನ್ನು ಹೀಗೆ ಸಮರ್ಥಿಸುವುದೆಂದರೆ ಅದನ್ನು ಡಾಕ್ಟರ ಚೀಟಿಯ ಕೆಳಗೆ ತಂದಿಡುವುದು. ಜೀರ್ಣಕ್ಕಾಗಿ ಮಾಡಿದ್ದಾದರೆ, ಬೇರೆ ದೇಹಕ್ಕೆ ಬೇರೆ ಸಲಹೆ ಬಂದ ದಿನ ಅದು ತಾನಾಗಿ ಬಿದ್ದುಹೋಗುತ್ತದೆ. ನನಗೆ ಬಂದ ಸಲಹೆ ಅಂಥದ್ದೇ. ನನ್ನ ಅಮ್ಮ ಸಂಜೆ ಐದಕ್ಕೆ ಒಲೆ ಆರಿಸಿದ್ದು ತನ್ನ ಹೊಟ್ಟೆಯ ಸಲುವಾಗಿ ಅಲ್ಲ. ಎಲೆಗೆ ಬಿದ್ದು ಸಾಯಬಹುದಾದ ಹುಳದ ಸಲುವಾಗಿ. ಅಷ್ಟು ದೊಡ್ಡ ಮಾತನ್ನು ಆರೋಗ್ಯದ ಹೆಸರಿನಲ್ಲಿ ಚಿಕ್ಕದು ಮಾಡಿದರೆ ನನಗೆ ಸಂಕಟವಾಗುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಡಾಕ್ಟರು ಹೇಳಿದ ಉಳಿದೆಲ್ಲ ಬದಲಾವಣೆ ನನಗೆ ಕಷ್ಟವಾಗಲಿಲ್ಲ. ಹೊಟ್ಟೆ ಪೂರ್ತಿ ತುಂಬುವ ಮೊದಲೇ ಏಳುವುದು ನಮ್ಮಲ್ಲಿ ಅವಮೌದರ್ಯವೆಂಬ ತಪಸ್ಸು. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಉಪ್ಪು, ಇವುಗಳಲ್ಲಿ ಒಂದೊಂದನ್ನು ಬಿಡುವುದು ರಸಪರಿತ್ಯಾಗ. ಆರು ಬಾಹ್ಯ ತಪಗಳಲ್ಲಿ ಎರಡು ಇವು. ದಶಲಕ್ಷಣ ಪರ್ವದಲ್ಲಿ ಉಪ್ಪಿಲ್ಲದ ಊಟ ಉಂಡ ನಾಲಿಗೆಗೆ ಉಪ್ಪು ಕಡಿಮೆ ಮಾಡಿ ಎಂದರೆ ಏನು ದೊಡ್ಡದು? ಎರಡು ಸೌಟು ಅನ್ನ ಒಂದಾಯಿತು, ಪಾಯಸ ನಿಂತಿತು, ಹೆಸರುಕಾಳು ಹೆಚ್ಚಾಯಿತು. ನೆರೆಯವರು, “ಟೀಚರೇ, ನಿಮ್ಮದು ದೊಡ್ಡ ತಪಸ್ಸು” ಎಂದರು. ಅಲ್ಲ ಎಂದೆ. ಸಕ್ಕರೆಯ ಅಂಕಿ ಇಳಿಯಲಿ ಎಂದು ಬಿಟ್ಟ ಸಕ್ಕರೆ ಪಥ್ಯ. ಫಲ ಬಯಸಿ ಮಾಡಿದ ವ್ರತಕ್ಕೆ ನಿದಾನವೆಂಬ ದೋಷ ಹೇಳಿದ್ದಾರೆ. ಪಥ್ಯ ಮಾಡುವುದರಲ್ಲಿ ಏನೂ ತಪ್ಪಿಲ್ಲ, ಅದನ್ನು ತಪಸ್ಸಿನ ಲೆಕ್ಕಕ್ಕೆ ಬರೆದುಕೊಳ್ಳುವುದು ತಪ್ಪು. ರಾತ್ರಿಯ ಹಾಲನ್ನು ಔಷಧದ ಲೆಕ್ಕಕ್ಕೆ ಬರೆಯುವುದೂ ಇದೇ ಜಾತಿಯದ್ದು. ಎರಡರಲ್ಲೂ ಇರುವುದು ಮಾಯಾ ಕಷಾಯ. ಕ್ರೋಧ, ಮಾನ, ಲೋಭಗಳ ಜೊತೆಗೆ ಆತ್ಮಕ್ಕೆ ಅಂಟುವ ಕಪಟ.

ವಡ್ಡಾರಾಧನೆ ಓದಿದವರು ನನ್ನನ್ನು ಕೇಳಬಹುದು: ಸನತ್ಕುಮಾರ ಚಕ್ರವರ್ತಿಯನ್ನು ಮರೆತಿರಾ? ಸೌಂದರ್ಯಕ್ಕೆ ಹೆಸರಾದ ಚಕ್ರವರ್ತಿ, ದೀಕ್ಷೆ ತೆಗೆದುಕೊಂಡ ಮೇಲೆ ಮೈತುಂಬ ರೋಗ ಬಂದರೂ ಮದ್ದು ಮುಟ್ಟದೆ ಸಹಿಸಿದವನು. ದೇವತೆಗಳು ವೈದ್ಯರ ವೇಷದಲ್ಲಿ ಬಂದು ವಾಸಿಮಾಡುತ್ತೇವೆ ಎಂದರೂ, ಸಂಸಾರವೆಂಬ ರೋಗಕ್ಕೆ ಮದ್ದಿದ್ದರೆ ಕೊಡಿ ಎಂದು ಕಳಿಸಿದವನು. ಮರೆತಿಲ್ಲ. ಆ ಕಥೆಯನ್ನು ಓದುವಾಗಲೆಲ್ಲ ನನ್ನ ಹಾಲಿನ ಲೋಟ ನನಗೆ ಭಾರವಾಗುತ್ತದೆ. ಆದರೆ ನಮ್ಮ ಪರಂಪರೆ ಸನತ್ಕುಮಾರನ ಜೊತೆಗೇ ಸಮಂತಭದ್ರರನ್ನೂ ಇಟ್ಟುಕೊಂಡಿದೆ, ಒಬ್ಬರಿಗಾಗಿ ಇನ್ನೊಬ್ಬರನ್ನು ಹೊರಗೆ ಹಾಕಿಲ್ಲ. ರತ್ನಕರಂಡ ಶ್ರಾವಕಾಚಾರ ಬರೆದವರು ಸಮಂತಭದ್ರರೇ. ಅದರಲ್ಲಿ ಸಲ್ಲೇಖನಕ್ಕೆ ಅವರು ಹೇಳುವ ಸಂದರ್ಭಗಳು ಉಪಸರ್ಗ, ಬರಗಾಲ, ಮುಪ್ಪು, ರೋಗ. ಅವುಗಳಿಗೆ ಒಂದು ಷರತ್ತನ್ನೂ ಸೇರಿಸುತ್ತಾರೆ: ಪರಿಹಾರವೇ ಇಲ್ಲದಿದ್ದಾಗ. ಭಸ್ಮಕದಲ್ಲಿ ಬೆಂದು, ಸಾವಿಗೆ ಅಪ್ಪಣೆ ಕೇಳಿ, ಇಲ್ಲವೆನ್ನಿಸಿಕೊಂಡು, ಉಂಡು ಬದುಕಿದವರು ಬರೆದ ಷರತ್ತು ಅದು ಎಂದು ನೆನೆದು ಓದಿದರೆ ಮೈ ಜುಮ್ಮೆನ್ನುತ್ತದೆ. ಪರಿಹಾರ ಇರುವ ರೋಗಕ್ಕೆ ದೇಹವನ್ನು ಒಪ್ಪಿಸಿಬಿಡುವುದನ್ನು ಅವರು ಧರ್ಮವೆನ್ನಲಿಲ್ಲ. ನನ್ನ ರೋಗಕ್ಕೆ ಪರಿಹಾರವಿದೆ. ಒಂದು ಲೋಟ ಹಾಲು.

ಅವರ ಕಥೆಯಿಂದ ನಾನು ಹೆಚ್ಚು ಕಲಿತದ್ದು ಉಂಡ ರೀತಿಯಿಂದ. ಮುನಿಯಾಗಿದ್ದುಕೊಂಡೇ ದಿನಕ್ಕೆ ನಾಲ್ಕು ಸಲ ಉಂಡು, ಆಪತ್ತಿನಲ್ಲಿ ಇದೂ ನಡೆಯುತ್ತದೆ ಎನ್ನಲಿಲ್ಲ. ಪಿಂಛ ಕಮಂಡಲುಗಳನ್ನು ಕೆಳಗಿಟ್ಟರು, ಬೇರೆ ವೇಷ ತೊಟ್ಟರು, ಆಮೇಲೆ ಉಂಡರು. ಉಣ್ಣುವಷ್ಟು ಕಾಲ ಅವರು ಮುನಿಯಲ್ಲ. ವಾಸಿಯಾದ ಮೇಲೆ ಮೊದಲಿನಿಂದ ದೀಕ್ಷೆ. ಅಲ್ಲಿ ವ್ರತ ಒಡೆಯಲಿಲ್ಲ, ಬಗ್ಗಲೂ ಇಲ್ಲ, ಅದನ್ನು ಎತ್ತಿ ಪಕ್ಕಕ್ಕಿಟ್ಟರು ಅಷ್ಟೆ. ಹಾಗೆಂದು ಕಥೆಯಲ್ಲಿ ಸುಳ್ಳೇ ಇಲ್ಲವೆಂದಲ್ಲ. ರಾಜನಿಗೆ ಅವರು ನೈವೇದ್ಯವನ್ನು ದೇವರಿಗೇ ಉಣ್ಣಿಸುತ್ತೇನೆ ಎಂದು ಹೇಳಿದ್ದರು. ಕಥೆ ಅದನ್ನು ಮುಚ್ಚಿಡುವುದಿಲ್ಲ, ಬಿಡುವುದೂ ಇಲ್ಲ. ರೋಗ ಕಡಿಮೆಯಾದಂತೆ ಹಸಿವು ಕಡಿಮೆಯಾಗಿ ಪಾತ್ರೆಯಲ್ಲಿ ಅನ್ನ ಉಳಿಯತೊಡಗುತ್ತದೆ. ಉಳಿದ ಅನ್ನವೇ ಅವರನ್ನು ಹಿಡಿದುಕೊಡುತ್ತದೆ. ಗುರುವಿನೆದುರು, ವ್ರತದೆದುರು ನಿಜವಾಗಿ ನಡೆದುಕೊಂಡ ಭಾಗ ಅವರನ್ನು ಉಳಿಸಿತು. ಮುಚ್ಚಿದ ಬಾಗಿಲಿನ ಭಾಗ ಅವರನ್ನು ರಾಜನೆದುರು ನಿಲ್ಲಿಸಿತು.

ಡಾಕ್ಟರು ರಾತ್ರಿಯ ಹಾಲು ಹೇಳಿದ ವರ್ಷ ಚಾತುರ್ಮಾಸಕ್ಕೆ ಬಂದಿದ್ದ ಆರ್ಯಿಕಾ ಮಾತಾಜಿಯವರೊಬ್ಬರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಮೊದಲು ಕೇಳಿದ್ದು, “ನಿಮ್ಮ ನಿಯಮ ಕಾಲಮಿತಿಯದ್ದೋ, ಜೀವಮಾನದ್ದೋ?” ಜೀವಮಾನದ್ದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಲು ಕುಡಿಯುವಾಗ ರುಚಿ ನೋಡುತ್ತೀರೋ?” ಎಂದರು. ಈ ಪ್ರಶ್ನೆ ಅಮೃತಚಂದ್ರರದ್ದೇ. ರಾತ್ರಿ ಊಟದಲ್ಲಿ ಹಗಲಿಗಿಂತ ರಾಗ ಹೆಚ್ಚು ಎನ್ನುವುದು ಅವರ ಮುಖ್ಯ ವಾದ. ರುಚಿಯೇನೂ ಇಲ್ಲ ಮಾತಾಜಿ, ಆದರೆ ಭಯ ಇದೆ, ಎಂದೆ. ನಿದ್ದೆಯಲ್ಲೇ ಹೋಗಿಬಿಡುತ್ತೇನೆ ಎನ್ನುವ ಭಯ. ಅದಕ್ಕಿಂತ ಹೆಚ್ಚಾಗಿ, ಹೋಗುವಾಗ ಮಂತ್ರದ ಎರಡನೆಯ ಪದ ಬಾಯಿಗೆ ಬರದೆ ಹೋಗುತ್ತೇನೆ ಎನ್ನುವ ಭಯ. ಭಯವೂ ದೇಹದ ಮೇಲಿನ ರಾಗವೇ ಅಲ್ಲವೇ ಎಂದು ನಾನೇ ಕೇಳಿದೆ. ಹೌದು ಎಂದರು. ಸಮಾಧಾನದ ಮಾತು ಹೇಳಲಿಲ್ಲ, ಅದಕ್ಕಾಗಿ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು. ಆಮೇಲೆ, ಪ್ರಜ್ಞೆ ತಪ್ಪಿದ ಮನಸ್ಸಿನಲ್ಲಿ ಧರ್ಮಧ್ಯಾನ ಇಲ್ಲ, ನಿಮಗೆ ಪಾಲಿಸಲಾಗುವ ನಿಯಮ ಯಾವುದು ಎಂದು ಯೋಚಿಸಿ ಬನ್ನಿ ಎಂದರು.

ನಮ್ಮೂರಿನ ಸಾವಿರ ಕಂಬದ ಬಸದಿಯ ಮೂಲನಾಯಕರು ಚಂದ್ರನಾಥ ಸ್ವಾಮಿ. ಸಮಂತಭದ್ರರಿಗೆ ಪ್ರಕಟವಾದ ಅದೇ ಎಂಟನೆಯ ತೀರ್ಥಂಕರರು. 1430ರಿಂದ ಅಲ್ಲಿ ನಿಂತು ಎಷ್ಟು ಜನರ ನಿಯಮ ಕೇಳಿದ್ದಾರೋ. ಬೆಳಗಿನ ಅಭಿಷೇಕ ಮುಗಿದ ಮೇಲೆ ಅವರ ಮುಂದೆ ನಿಂತು, ಪೂಜೆ ಮಾಡುವ ಇಂದ್ರರು ಕೇಳುವಂತೆ, 1993ರಲ್ಲಿ ತೆಗೆದುಕೊಂಡ ನಿಯಮವನ್ನು ದೇಹದ ಕಾರಣದಿಂದ ಇಳಿಸಿಡುತ್ತಿದ್ದೇನೆ ಎಂದು ಹೇಳಿದೆ. ಅದರ ಬದಲು ಬೇರೆ ನಿಯಮ: ಸೂರ್ಯ ಮುಳುಗಿದ ಮೇಲೆ ಧಾನ್ಯದಿಂದ ಮಾಡಿದ್ದು ಯಾವುದೂ ಇಲ್ಲ. ಹಗಲೇ ಕಾಸಿ, ಸೋಸಿ, ಮುಚ್ಚಿಟ್ಟ ಹಾಲು ಒಂದು ಲೋಟ, ಹಗಲಿನಲ್ಲೇ ಬಿಡಿಸಿ ಡಬ್ಬದಲ್ಲಿಟ್ಟ ನಾಲ್ಕು ಬಾದಾಮಿ. ಲೋಟಕ್ಕೆ ಮುಚ್ಚಳ, ಕೋಣೆಯ ದೀಪ ಹಾಕದೆ ದೂರದ ಪಡಸಾಲೆಯ ಬೆಳಕಿನಲ್ಲಿ, ಲೋಟದೊಳಗೆ ಚೆನ್ನಾಗಿ ನೋಡಿ ಕುಡಿಯುವುದು. ಹುಳ ಬರುವುದು ಉರಿಯುವ ದೀಪದ ಹತ್ತಿರಕ್ಕೆ. ಬೇಲಿಯನ್ನು ಸರಿಸಿದ್ದೇನೆ, ಹೊಲ ಬಿಟ್ಟಿಲ್ಲ.

ಅದೇ ವಾರ ಬಸದಿಯ ಹೆಂಗಸರಿಗೂ ಹೇಳಿದೆ. ಕೆಲವರಿಗೆ ಹಿಡಿಸಲಿಲ್ಲ. ನಿಮ್ಮಂಥವರೇ ಬಿಟ್ಟರೆ ನಮ್ಮ ಮಕ್ಕಳಿಗೆ ಏನು ಹೇಳುವುದು, ಮನೆಯೊಳಗೆ ಕುಡಿಯಬಹುದಿತ್ತಲ್ಲ, ಯಾರಿಗೆ ತಿಳಿಯುತ್ತಿತ್ತು ಎಂದು ಒಬ್ಬಾಕೆ ಹೇಳಿದಳು. ಅವಳ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನಾನು ಮಕ್ಕಳಿಗೆ ಕಲಿಸಿದವಳು. ವ್ರತ ಇಳಿಸಿಟ್ಟ ಅಜ್ಜಿಯನ್ನು ನೋಡಿದ ಮಗು ವ್ರತವೆಂದರೆ ನಿಜವಾದದ್ದು ಎಂದು ತಿಳಿಯುತ್ತದೆ. ಕದ್ದು ಕುಡಿಯುವ ಅಜ್ಜಿಯನ್ನು ಒಂದಲ್ಲ ಒಂದು ರಾತ್ರಿ ಕಂಡ ಮಗು ಅದನ್ನು ಮತ್ತೆಂದೂ ನಂಬುವುದಿಲ್ಲ. ನಾದಿನಿ ಇಂದಿಗೂ ಒಪ್ಪಿಲ್ಲ. ಅವಳಿಗೆ ನನ್ನ ಅಪ್ಪನ ದಾರಿಯೇ ದಾರಿ. ಅವಳ ಜೊತೆ ಈ ವಿಷಯಕ್ಕೆ ವಾದ ಮಾಡುವುದನ್ನು ನಿಲ್ಲಿಸಿಲ್ಲ, ಯಾಕೆಂದರೆ ಅವಳು ಹೇಳುವುದರಲ್ಲಿ ನನಗೆ ಉತ್ತರ ಸಿಗದ ಒಂದು ಮಾತಿದೆ. ಸಮಂತಭದ್ರರ ರೋಗ ವಾಸಿಯಾಯಿತು, ಅವರು ದೀಕ್ಷೆಗೆ ಮರಳಿದರು. ನಿನ್ನದು ವಾಸಿಯಾಗುವ ರೋಗವೇ, ಅತ್ತಿಗೆ?

ಅಲ್ಲ. ಇಳಿಸಿಟ್ಟದ್ದನ್ನು ನಾನು ಮತ್ತೆ ಎತ್ತಿಕೊಳ್ಳುವುದು ಆರೋಗ್ಯ ಬಂದ ಮೇಲಲ್ಲ, ಪರಿಹಾರ ಮುಗಿದ ಮೇಲೆ. ಆಗ ಹಾಲಷ್ಟೇ ಅಲ್ಲ, ಅನ್ನವನ್ನೂ ಕ್ರಮವಾಗಿ ಬಿಡಬೇಕೆಂದು ನನಗಿದೆ. ರಾಜಸ್ಥಾನದ ಹೈಕೋರ್ಟು 2015ರ ಆಗಸ್ಟ್‌ನಲ್ಲಿ ಸಂಥಾರಾವನ್ನು, ಅಂದರೆ ಸಲ್ಲೇಖನವನ್ನು, ಆತ್ಮಹತ್ಯೆಗೆ ಸಮವೆಂದಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಆ ದಿನಗಳಲ್ಲಿ ನಮ್ಮವರೆಲ್ಲ ಮೆರವಣಿಗೆ ಮಾಡಿದರು. ಸಾವನ್ನು ಬಯಸುವುದಕ್ಕೂ ಸಾವು ಬಂದು ನಿಂತಾಗ ಅನ್ನದ ಹಿಂದೆ ಓಡದಿರುವುದಕ್ಕೂ ಇರುವ ವ್ಯತ್ಯಾಸವನ್ನು ನ್ಯಾಯಾಲಯಕ್ಕೆ ಹೇಳುವುದು ಕಷ್ಟವಿರಬಹುದು. ಬದುಕಲು ಬೇಕಾದಷ್ಟನ್ನು ರಾತ್ರಿ ಹತ್ತಕ್ಕೂ ಉಂಡವರ ಬಾಯಲ್ಲಿ ಆ ಮಾತಿಗೆ ಸ್ವಲ್ಪ ಬಲ ಬರುತ್ತದೆ ಎಂದುಕೊಂಡಿದ್ದೇನೆ.

ಕಷ್ಟವಿರುವುದು ಪರಿಹಾರ ಮುಗಿಯಿತು ಎಂದು ಯಾರು ಹೇಳಬೇಕು ಎನ್ನುವಲ್ಲಿ. ಆಚಾರ್ಯರ ಕಾಲದಲ್ಲಿ ಅದು ಎಲ್ಲರಿಗೂ ಕಾಣುತ್ತಿತ್ತು. ಡಾಕ್ಟರನ್ನು ಕೇಳಿದೆ. “ಅಮ್ಮ, ಈಗ ಯಾವಾಗಲೂ ಇನ್ನೊಂದು ಏನಾದರೂ ಇದ್ದೇ ಇರುತ್ತದೆ. ಕಿಡ್ನಿ ನಿಂತರೆ ಡಯಾಲಿಸಿಸ್, ನುಂಗಲಾಗದಿದ್ದರೆ ಮೂಗಿಗೆ ನಳಿಗೆ, ಉಸಿರಿಗೆ ವೆಂಟಿಲೇಟರ್” ಎಂದರು. ಹಾಗಾದರೆ ಗೆರೆಯನ್ನು ನಾನೇ ಎಳೆಯಬೇಕು, ಬುದ್ಧಿ ನೆಟ್ಟಗಿರುವಾಗಲೇ. 2018ರಲ್ಲಿ ಸುಪ್ರೀಂ ಕೋರ್ಟು ಇಂಥ ಇಚ್ಛೆಯನ್ನು ಮೊದಲೇ ಬರೆದಿಡಲು ಅವಕಾಶ ಕೊಟ್ಟಿದೆ. ಕಾಗದದಲ್ಲಿ ಬರೆಯುತ್ತಿದ್ದೇನೆ: ಇನ್ಸುಲಿನ್ ಇರಲಿ, ರಾತ್ರಿಯ ಹಾಲು ಇರಲಿ, ಸೋಂಕು ಬಂದರೆ ಮದ್ದು ಕೊಡಿ, ವೆಂಟಿಲೇಟರ್ ಬೇಡ, ಮೂಗಿನ ನಳಿಗೆ ಬೇಡ. ಡಯಾಲಿಸಿಸ್ ಹತ್ತಿರ ಪೆನ್ನು ನಿಂತಿದೆ. ಬೇಡ ಎಂದು ನಾನು, ಅದೊಂದನ್ನು ಆಚೆ ಸಾಲಿಗೆ ಬರಿ ಅಮ್ಮ ಎಂದು ಮಗ. ಮುಂದಿನ ಅಷ್ಟಮಿಗೆ ನಾದಿನಿ ಬರುತ್ತಾಳೆ, ಮೂವರೂ ಕೂತು ಮಾತಾಡಬೇಕೆಂದಿದ್ದೇವೆ, ಸಂಜೆಯ ಊಟ ಮುಗಿಸಿ.